ಪೆಟ್ಟಿಗೆಯ ಮೇಲೆ ಹೊದಿಸಿದ ರೇಷ್ಮೆ

ಹನೂರಿನ ಮದುವೆಯಲ್ಲಿ ನಂಜುಂಡನ ಆಂಪ್ಲಿಫೈಯರ್ ಸುಟ್ಟುಹೋದದ್ದು ಅವನ ತಂಗಿ ಗೌರಮ್ಮ ಹೊದಿಸಿದ ಬಟ್ಟೆಯಿಂದಲ್ಲ. ನಾನು ಅದರೊಳಗೆ ಮಾಡಿದ ಬದಲಾವಣೆಯಿಂದ. ಇದು ನನಗೆ ಆಗಲೇ ಗೊತ್ತಿತ್ತು — ಇಲ್ಲ, ಹೀಗೆ ಬರೆದರೂ ಪೂರ್ತಿ ನಿಜವಾಗುವುದಿಲ್ಲ. ಆ ಮಧ್ಯಾಹ್ನ ಅನುಮಾನವಿತ್ತು. ಕೆಲವು ದಿನಗಳಲ್ಲಿ ಖಚಿತವಾಯಿತು. ಖಚಿತವಾದ ಮೇಲೂ ಬಾಯಿ ಬಿಡಲಿಲ್ಲ. ಗೌರಮ್ಮ ಹಾಡುವುದನ್ನು ಬಿಟ್ಟಳು.

ಆಗ ಎಪ್ಪತ್ತರ ದಶಕ ಶುರುವಾಗಿತ್ತಷ್ಟೆ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಕೊಳ್ಳೇಗಾಲದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ನಂಜುಂಡ ರೇಷ್ಮೆ ನೇಯುವವರ ಮನೆಯವನು, ನನ್ನದೇ ವಯಸ್ಸು. ಉಳಿದ ದಿನಗಳಲ್ಲಿ ಮಗ್ಗ, ಲಗ್ನದ ಕಾಲದಲ್ಲಿ ಆರ್ಕೆಸ್ಟ್ರಾ. ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಂತಿಗಳ ಮೇಲೆ ಉಕ್ಕಿನ ತುಂಡೊಂದನ್ನು ಜಾರಿಸಿ ನುಡಿಸುತ್ತಿದ್ದ. ಗೌರಮ್ಮ ಹಾಡುತ್ತಿದ್ದಳು. ಮದುವೆ ವಯಸ್ಸಿಗೆ ಬಂದ ಹುಡುಗಿ ಮೈಕಿನ ಮುಂದೆ ನಿಲ್ಲುವುದು ಮನೆಯ ಹಿರಿಯರಿಗೆ ಹಿಡಿಸಿರಲಿಲ್ಲ. ಅಣ್ಣನ ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದರು. ಒಂದು ನೆಪ ಸಿಕ್ಕರೆ ಸಾಕು ಎಂದು ಕಾಯುತ್ತಿದ್ದರು. ಇದೂ ನನಗೆ ಗೊತ್ತಿತ್ತು.

ಅವನ ಆಂಪ್ಲಿಫೈಯರ್ ಬೆಂಗಳೂರಿನಲ್ಲಿ ಯಾರೋ ಜೋಡಿಸಿಕೊಟ್ಟಿದ್ದ ಟ್ರಾನ್ಸಿಸ್ಟರಿನದು. ಜೋರಾಗಿ ನುಡಿಸಿದರೆ ಪರವಾಗಿಲ್ಲ. ಸ್ವರ ಜಾರುತ್ತಾ ಸಣ್ಣದಾಗುವಾಗ ಕರಕರ ಒಡೆಯುತ್ತಿತ್ತು. ತಬಲದ ಮಾದೇವ ಅದನ್ನು ‘ಕಡ್ಲೆ ಉರಿಯೋ ಬಾಂಡ್ಲಿ’ ಎನ್ನುತ್ತಿದ್ದ. ಗೌರಮ್ಮನದು ಮೆಲುದನಿ. ಅವಳು ಪಲ್ಲವಿಯನ್ನು ಇಳಿಸಿ ನಿಲ್ಲಿಸುವ ಜಾಗದಲ್ಲೇ ಆ ಕರಕರ ಬರುತ್ತಿತ್ತು.

ನಾನು ಸರಿ ಮಾಡಿಕೊಡುತ್ತೇನೆ ಎಂದೆ. ಯಾರೂ ಕೇಳಿರಲಿಲ್ಲ.

ತೊಂದರೆ ಏನೆಂದು ಪುಸ್ತಕಗಳಿಂದ ತಿಳಿದಿತ್ತು. ಕೊನೆಯ ಎರಡು ಟ್ರಾನ್ಸಿಸ್ಟರುಗಳು ಸ್ವರವನ್ನು ಒಂದರ ಕೈಯಿಂದ ಇನ್ನೊಂದು ತೆಗೆದುಕೊಳ್ಳುವ ಜಾಗದಲ್ಲಿ ಒಂದು ಸಣ್ಣ ಬಿರುಕು ಉಳಿಯುತ್ತದೆ. ಎರಡರಲ್ಲೂ ಸದಾ ಸ್ವಲ್ಪ ಕರೆಂಟು ಹರಿಯುವಂತೆ ಮಾಡಿದರೆ ಬಿರುಕು ಮುಚ್ಚುತ್ತದೆ. ಒಂದು ರೆಸಿಸ್ಟರ್ ಬದಲಾಯಿಸಿದರೆ ಸಾಕು. ಬದಲಾಯಿಸಿದೆ. ಕರಕರ ಕಡಿಮೆಯಾಯಿತು. ಕರೆಂಟನ್ನು ಇನ್ನೂ ಸ್ವಲ್ಪ ಏರಿಸಿದೆ — ಪೂರ್ತಿ ಹೋಯಿತು. ನಂಜುಂಡ ಒಂದೇ ತಂತಿ ಮೀಟಿ, ಅದು ಸಾಯುವವರೆಗೂ ಕಿವಿಗೊಟ್ಟು ಕೂತ. ಆಮೇಲೆ, “ಮೇಷ್ಟ್ರೇ, ಇದು ನನ್ ಪೆಟ್ಗೆನಾ, ಇಲ್ಲ ಇನ್ಯಾವನ್ದಾದ್ರೂ ಎತ್ಕಂಡ್ ಬಂದ್ರಾ?” ಎಂದ. ಗೌರಮ್ಮ ನಗಲಿಲ್ಲ. ಆ ಸ್ವರಕ್ಕೆ ಸೇರಿಸಿ ಮೆಲ್ಲಗೆ ಒಂದು ಸಾಲು ಹಾಡಿದಳು. ಇಂಥ ಸಂತೋಷ ನನಗೆ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಅವರು ಹೋದ ಮೇಲೆ ಪೆಟ್ಟಿಗೆಯ ಹಿಂಬದಿಯ ತಗಡಿಗೆ ಅಂಗೈ ಇಟ್ಟು ನೋಡಿದೆ. ಇಡಲಾಗಲಿಲ್ಲ. ಸಂಕ್ರಾಂತಿ ಕಳೆದ ತಂಪಿನ ದಿನಗಳಲ್ಲೇ ಅಷ್ಟು ಬಿಸಿ. ಟ್ರಾನ್ಸಿಸ್ಟರ್ ಬಿಸಿಯಾದಷ್ಟೂ ಹೆಚ್ಚು ಕರೆಂಟು ಎಳೆಯುತ್ತದೆ, ಎಳೆದಷ್ಟೂ ಇನ್ನೂ ಬಿಸಿಯಾಗುತ್ತದೆ — ಇದೂ ಅದೇ ಪುಸ್ತಕಗಳಲ್ಲಿತ್ತು. ಬಿಸಿ ಹೊರಹೋಗಲು ದಪ್ಪ ಅಲ್ಯೂಮಿನಿಯಂ ಫಲಕ ಹಾಕಬೇಕಿತ್ತು. ಅದು ಆ ಪೆಟ್ಟಿಗೆಯಲ್ಲಿ ಹಿಡಿಸುತ್ತಿರಲಿಲ್ಲ. ಇಲ್ಲವೇ ಕರೆಂಟು ತಗ್ಗಿಸಬೇಕಿತ್ತು. ತಗ್ಗಿಸಿದರೆ ಮತ್ತೆ ಕರಕರ. ಬಿಸಿಯ ವಿಷಯ ಅವರಿಗೆ ಹೇಳಬೇಕೆಂದುಕೊಂಡಿದ್ದೆ ಎಂದು ಈಗ ನೆನಪು ಹೇಳುತ್ತದೆ. ಆದರೆ ನೆನಪು ನನ್ನನ್ನು ಒಳ್ಳೆಯವನೆಂದು ತೋರಿಸುವಾಗಲೆಲ್ಲ ನಾನು ಅದನ್ನು ನಂಬುವುದಿಲ್ಲ. ಹೇಳಲಿಲ್ಲ ಎಂಬುದಷ್ಟೇ ನಿಜ.

ಮದುವೆ ಬಂದದ್ದು ವೈಶಾಖದಲ್ಲಿ. ಹನೂರಿನ ದೊಡ್ಡ ಬೇಸಾಯಗಾರರ ಮನೆ, ಗರಿಯ ಚಪ್ಪರ, ಮಟಮಟ ಮಧ್ಯಾಹ್ನ. ನಂಜುಂಡ ನನ್ನನ್ನೂ ಎಳೆದುಕೊಂಡು ಹೋಗಿದ್ದ. ಅವರ ಮನೆಯಲ್ಲಿ ಒಂದು ಪದ್ಧತಿ: ಹೊಸ ವಸ್ತು ಯಾವುದೇ ಇರಲಿ, ಮೊದಲ ಸಲ ಕೆಲಸಕ್ಕೆ ಇಳಿಸುವಾಗ ಸ್ವಂತ ಮಗ್ಗದಲ್ಲಿ ನೇಯ್ದ ಬಟ್ಟೆಯ ತುಂಡೊಂದನ್ನು ಹೊದಿಸಿ ಕುಂಕುಮ ಇಡುವುದು. ಪೆಟ್ಟಿಗೆ ಹಳೆಯದು. ಆದರೆ ದೊಡ್ಡ ಮದುವೆಯೊಂದರಲ್ಲಿ ಅದರ ಹೊಸ ದನಿ ಕೇಳುವುದು ಅದೇ ಮೊದಲು. ಗೌರಮ್ಮ ಕೈಚೀಲದಿಂದ ಅಂಚು ಬಿಟ್ಟ ಹಸಿರು ರೇಷ್ಮೆಯ ತುಂಡು ತೆಗೆದು, ಪೆಟ್ಟಿಗೆಯ ಮೇಲೆ ಹಿಂಬದಿಯವರೆಗೂ ಇಳಿಬಿಟ್ಟು ಹೊದಿಸಿ, ನನ್ನ ಕಡೆ ನೋಡಿ, “ನಿಮ್ ಕೆಲ್ಸಕ್ಕೆ ಮೇಷ್ಟ್ರೇ” ಎಂದಳು.

ನಾನು ನೋಡಿದೆ. ತೆಗೆ ಎನ್ನಬಹುದಿತ್ತು. ಏಕೆ ಎಂದು ಕೇಳುತ್ತಿದ್ದಳು.

ಮೊದಲು ಒಂದೆರಡು ಹಾಡು ಚೆನ್ನಾಗಿ ಆದವು. ಆಮೇಲೆ ದನಿ ದಪ್ಪವಾಯಿತು, ಗುರ್ ಎಂದಿತು, ನಿಂತೇಹೋಯಿತು. ರೇಷ್ಮೆಯ ಕೆಳಗಿನಿಂದ ಹೊಗೆ ಬಂತು, ಸುಟ್ಟ ವಾಸನೆ ಚಪ್ಪರವೆಲ್ಲ ಹರಡಿತು. ಧಾರೆಯ ಅಕ್ಷತೆ ಇನ್ನೂ ನೆಲದ ಮೇಲೇ ಇತ್ತು. ಗಂಡಿನ ಸೋದರಮಾವ ಎದ್ದು ನಿಂತು, “ಏನ್ರಯ್ಯಾ, ಆಡಕ್ ಬಂದ್ರೋ, ಮದ್ವೆ ಮನೇಲಿ ಒಗೆ ಆಕಕ್ ಬಂದ್ರೋ?” ಎಂದ. ಹೆಂಗಸರು ಅಪಶಕುನ ಎಂದು ಪಿಸುಗುಟ್ಟತೊಡಗಿದರು. ನಂಜುಂಡ ನನ್ನ ಕಡೆ ತಿರುಗಿದ. ಆಗ ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ:

“ಮೇಲೆ ಬಟ್ಟೆ ಹೊದಿಸಿದರೆ ಇನ್ನೇನಾಗುತ್ತೆ?”

ಇಷ್ಟೇ. ಗೌರಮ್ಮ ಆ ತುಂಡನ್ನು ಎಳೆದು ಮುದುರಿ ಎದೆಗೆ ಹಿಡಿದುಕೊಂಡಳು. ಕೊಳ್ಳೇಗಾಲಕ್ಕೆ ಬಸ್ಸಿನಲ್ಲಿ ಬರುವಾಗ ನಂಜುಂಡ ಅವಳಿಗೆ ಹೇಳಿದ್ದು ಒಂದೇ ಮಾತು: “ಇನ್ ನೀ ಮನೇಲೇ ಇರವ್ವ.”

ಪೆಟ್ಟಿಗೆಯನ್ನು ರಿಪೇರಿಗೆಂದು ನಾನೇ ತೆಗೆದುಕೊಂಡು ಹೋದೆ. ಹೊಸ ಟ್ರಾನ್ಸಿಸ್ಟರುಗಳನ್ನು ಹಾಕಿ, ರೆಸಿಸ್ಟರನ್ನು ಹಾಗೇ ಬಿಟ್ಟು, ಹಿತ್ತಲಲ್ಲಿ ಅಂಥದ್ದೇ ಒಂದು ಮಧ್ಯಾಹ್ನ ಇಟ್ಟು ರೇಡಿಯೋ ದನಿಯನ್ನು ಅದರ ಮೂಲಕ ಹರಿಸಿದೆ. ಮೇಲೆ ಬಟ್ಟೆ ಇರಲಿಲ್ಲ. ಮತ್ತೆ ಸುಟ್ಟಿತು. ಅದೇ ದಪ್ಪ ದನಿ, ಅದೇ ವಾಸನೆ. ನಾನು ಎದ್ದುಹೋಗಿ ಹಿತ್ತಲ ಬಾಗಿಲು ಹಾಕಿಕೊಂಡೆ — ಯಾರು ನೋಡುತ್ತಾರೆಂದು? ಯಾರೂ ಇರಲಿಲ್ಲ.

ಮೂಲದ ರೆಸಿಸ್ಟರನ್ನೇ ಮತ್ತೆ ಕೂರಿಸಿ ಪೆಟ್ಟಿಗೆಯನ್ನು ವಾಪಸು ಕೊಟ್ಟೆ. ಕರಕರ ತಿರುಗಿ ಬಂದಿತ್ತು. ನಂಜುಂಡ ಕೇಳಿದಾಗ, ಒಮ್ಮೆ ಸುಟ್ಟದ್ದು ಮೊದಲಿನಂತಾಗುವುದಿಲ್ಲ ಎಂದೆ. ಮೊದಲನೆಯದು ಗಾಬರಿಯಲ್ಲಿ ಬಾಯಿಂದ ಬಿದ್ದ ಮಾತು ಎಂದಾದರೂ ಹೇಳಿಕೊಳ್ಳಬಹುದೇನೋ. ಇದು ಯೋಚಿಸಿ, ಮನೆಯಲ್ಲೇ ಸಿದ್ಧಮಾಡಿಕೊಂಡು ಹೋದ ಸುಳ್ಳು. ಅಲ್ಲಿಂದ ಮುಂದೆ ಪ್ರತಿ ಮದುವೆಯಲ್ಲೂ ಸ್ವರ ಒಡೆದಾಗಲೆಲ್ಲ ಅವರ ತಂಡದವರು ಗೌರಮ್ಮ ಹೊದಿಸಿದ ಬಟ್ಟೆಯನ್ನು ನೆನೆದರು. ಅವಳ ಜಾಗಕ್ಕೆ ಬೇರೆ ಹಾಡುಗಾರ ಬಂದ. ಅವಳನ್ನು ಯಳಂದೂರಿಗೆ ಮದುವೆ ಮಾಡಿ ಕಳಿಸಿದರು. ನಾನು ಉಂಡು ಬಂದೆ.

ಇದನ್ನು ಈಗ ಬರೆಯಲು ಕಾರಣ, ಕಳೆದ ವಾರ ಯಳಂದೂರಿನ ಬಸ್ ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಿದ್ದು. ನಾನು ಗುರುತು ಹಿಡಿಯುವ ಮೊದಲೇ ಅವಳು ಹಿಡಿದಳು. ಮನೆ, ಮಕ್ಕಳು ಎಲ್ಲ ಕೇಳಿದ ಮೇಲೆ, ಹಾಡ್ತೀಯೇನಮ್ಮ ಎಂದೆ. ಏಕೆ ಕೇಳಿದೆನೋ. ಅವಳು ಇಲ್ಲವೆಂದು ತಲೆಯಾಡಿಸಿದಳು.

“ಅವತ್ತು ನಿಮ್ ಕೆಲ್ಸಾನೆಲ್ಲ ಆಳ್ ಮಾಡ್ಬುಟ್ಟೆ ಮೇಷ್ಟ್ರೇ. ತಪ್ಪಾಯ್ತು ಅನ್ನಕ್ಕೂ ಆಗಿರ್ನಿಲ್ಲ ನಂಗೆ. ಈಗ್ಲೂ ಬಿಸಿ ಪಾತ್ರೆ ಮುಚ್ಚಕ್ ಓದ್ರೆ ಕೈ ತಡೀತದೆ.”

ಆಗ ಹೇಳಬೇಕಿತ್ತು. ಬಸ್ಸು ಬಂದಿರಲಿಲ್ಲ, ಅವಸರವಿರಲಿಲ್ಲ, ಕೇಳುವವರು ಯಾರೂ ಇರಲಿಲ್ಲ. ನಾನು ಹೇಳಿದ್ದು — “ಹೋಗ್ಲಿ ಬಿಡಮ್ಮ, ಹಳೇದು.”

ಅವಳನ್ನು ಕ್ಷಮಿಸಿ ಬಂದೆ ನಾನು. ಅವಳ ಮುಖದಲ್ಲಿ ಹಗುರವಾದದ್ದೂ ಕಾಣಿಸಿತು. ಅಂದಿನಿಂದ ಅನ್ನ ಸೇರುತ್ತಿಲ್ಲ ಎಂದರೆ ಅದೂ ದೊಡ್ಡ ಮಾತಾದೀತು; ಸೇರುತ್ತಿದೆ, ಅದೇ ನಾಚಿಕೆ.

ನಾಳೆ ಭಾನುವಾರ. ಬೆಳಗಿನ ಬಸ್ಸಿಗೆ ಯಳಂದೂರಿಗೆ ಹೋಗೋಣ ಎಂದು ನಂಜುಂಡನಿಗೆ ಹೇಳಿದ್ದೇನೆ. ಏಕೆಂದು ಹೇಳಿಲ್ಲ. ಅವನು, ತಂಗಿಗೆ ಒಂದಷ್ಟು ಬದನೆಕಾಯಿ ಕಟ್ಟಿಕೊಳ್ಳುತ್ತೇನೆ ಎಂದ. ಬಟ್ಟೆಯ ಮೇಲೆ ತಪ್ಪು ಹೊರಿಸಿದ ಆ ಮಾತನ್ನು ಅವಳ ಅಣ್ಣನ ಎದುರಿಗೆ ಆಡಿದ್ದೆ. ಸುಟ್ಟದ್ದು ಬಟ್ಟೆಯಿಂದಲ್ಲ ಎನ್ನುವುದನ್ನೂ ಅವನ ಎದುರಿಗೇ, ಅವಳ ಗಂಡ ಮಕ್ಕಳು ಕೇಳುವಂತೆ ಹೇಳಬೇಕು. ಆಮೇಲೆ ಅವಳು ಏನೆನ್ನುತ್ತಾಳೋ, ಅದನ್ನು ಕೂತು ಕೇಳುತ್ತೇನೆ.