ಗೌರತ್ತೆಯ ಮೊಟ್ಟೆ ಪೆಟ್ಟಿಗೆ

ಸೀಮೆಎಣ್ಣೆಯ ಹೊಗೆಗೆ ಬಿಸಿಯಾದ ಮರದ ವಾಸನೆ ಬೆರೆತರೆ ನನಗೆ ಗೌರತ್ತೆ ನೆನಪಾಗುತ್ತಾಳೆ. ನಂದಗುಡಿ ಹತ್ತಿರದ ಆ ಮನೆ ಈಗಿಲ್ಲ. ಉಳಿದದ್ದು ಅವಳು ಕೋಳಿಮರಿ ಮಾಡಿಸುತ್ತಿದ್ದ ಪೆಟ್ಟಿಗೆಯೊಂದೇ. ಅದು ನನ್ನ ಹತ್ತಿರ ಇದೆ. ಸಾಕ್ಷಿಯಿಲ್ಲದೆ ಏನನ್ನೂ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು, ನನ್ನ ನೆನಪನ್ನೂ ಪೂರ್ತಿ ನಂಬುವುದಿಲ್ಲ. ಆದರೂ ಹೇಳುತ್ತೇನೆ. ನಿಮಗೂ ಇಂಥದೊಂದು ಮನೆ ಇದ್ದಿರಬಹುದು.

ಗೌರತ್ತೆ ನಮ್ಮಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ತಮ್ಮನ ಮನೆಯಲ್ಲಿ ತನ್ನದೇ ಒಂದು ಕೆಲಸ ಇರಬೇಕೆಂದು ಹಟ ಹಿಡಿದಿದ್ದಳು. ಅರವತ್ತರ ದಶಕದ ಕೊನೆ ಇರಬೇಕು, ಕೋಳಿ ಸಾಕುವ ತರಬೇತಿಗೆ ಹೋಗಿ ಬಂದು, ಹತ್ತಿರದ ವಿಜಯಪುರದ ಬಡಗಿಯೊಬ್ಬನಿಂದ ಆ ಪೆಟ್ಟಿಗೆ ಮಾಡಿಸಿದಳು. ಪಕ್ಕದಲ್ಲಿ ಕಾವು ಕೊಡುವ ಸೀಮೆಎಣ್ಣೆ ದೀಪ, ಒಳಗೆ ನೀರಿನ ತಟ್ಟೆ, ಗಾಜಿನ ಬಾಗಿಲ ಹಿಂದೆ ಥರ್ಮಾಮೀಟರ್, ಹಿಂಬದಿಯಲ್ಲಿ ಗಾಳಿಯಾಡಲು ಸಾಲು ತೂತು. ಮೊದಲ ಸಲ ಲೆಗಾರ್ನ್ ಕೋಳಿಯ ಬಿಳಿ ಮೊಟ್ಟೆಗಳನ್ನೂ ದಪ್ಪ ಮೈಯ ಕೆಂಪು ತಳಿಯ ಕಂದು ಮೊಟ್ಟೆಗಳನ್ನೂ ಒಟ್ಟಿಗೇ ಇಟ್ಟಳು. ಒಂದೂ ಮರಿಯಾಗಲಿಲ್ಲ. ಒಡೆದು ನೋಡಿದರೆ ತುಪ್ಪಳ ಬಂದ ಮರಿಗಳು ಒಳಗೇ ಉಸಿರುಕಟ್ಟಿ ಸತ್ತಿದ್ದವು. ಪೆಟ್ಟಿಗೆಯನ್ನು ಗೋಡೆಯಿಂದ ಸರಿಸಿದಾಗ ತೂತುಗಳಿಗೆಲ್ಲ ಹತ್ತಿ ತುರುಕಿದ್ದು ಕಂಡಿತು. ಅಜ್ಜಿಯ ಕೆಲಸ. ಊರಿನ ಅದೆಷ್ಟೋ ಬಾಣಂತನ ಮಾಡಿದ ಕೈ ಅದು, ಕಿಟಕಿ ಸಂದಿ ಮುಚ್ಚಿ, ಬಾಣಂತಿಯ ಕಿವಿಗೆ ಹತ್ತಿ ಇಟ್ಟು ಅಭ್ಯಾಸ.

“ಗಾಳಿ ಸೋಕಿದ್ರೆ ಶೀತ ಆಗಲ್ವೇನೇ ಆ ಹಸುಗೂಸುಗಳ್ಗೆ?” ಎಂದಳು ಅಜ್ಜಿ.

“ಬಾಣಂತಿ ಕಿವಿಗಿಡು, ಬೇಡ ಅನ್ನಲ್ಲ. ಮೂಗಿಗೂ ತುರುಕ್ತೀಯೇನವ್ವಾ?” ಎಂದಳು ಅತ್ತೆ.

ಅಪ್ಪ ನಕ್ಕ. “ಇನ್ನೊಂದ್ಸಲ ಕೆಟ್ರೆ ಇದಕ್ಕೆ ರಾಗಿ ತುಂಬ್ತೀನಿ ಕಣಕ್ಕಾ.”

“ತುಂಬೋವಂತೆ. ಈಗ ಅತ್ಲಾಗೆ ಸರ್ಕೋ, ಬೆಳಕಿಗೆ ಅಡ್ಡ ನಿಂತಿದ್ದೀಯ.”

ಅಂದೇ ಹತ್ತಿ ಕಿತ್ತೆಸೆದು ಹೊಸ ಮೊಟ್ಟೆಗಳಿಗೆ ಹೊರಟಳು. ಕೆಂಪು ತಳಿಯ ಮರಿ ನಿಧಾನ; ಅದಕ್ಕೇ ಈ ಸಲ ಕಂದು ಮೊಟ್ಟೆಗಳನ್ನು ಮೊದಲೇ ಇಟ್ಟು, ಬಿಳಿಯವನ್ನು ತಡವಾಗಿ ಇಟ್ಟಳು. ಬತ್ತಿ ಏರಿಸಿ ಇಳಿಸಿ ಕಾವು ಸಮ ಮಾಡುತ್ತಿದ್ದಳು. ನೀರು ಕಡಿಮೆಯಾದರೆ ಬಿಳಿ ಮೊಟ್ಟೆಯ ತೆಳು ಚಿಪ್ಪು ಬೇಗ ಒಣಗುತ್ತದೆ, ಹೆಚ್ಚಾದರೆ ಕಂದು ಮೊಟ್ಟೆಯೊಳಗಿನ ಹಸಿ ಆರುವುದೇ ಇಲ್ಲ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿಯೇ ತಟ್ಟೆಗೆ ನೀರು ಹಾಕುತ್ತಿದ್ದಳು. ಕೊನೆಗೆ ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸಿ, ತಟ್ಟೆ ತುಂಬಿಸಿ, ಬಾಗಿಲು ಹಾಕಿದಳು.

ಅಷ್ಟೆಲ್ಲ ಮಾಡಿದರೂ ಬಿಳಿ ಮರಿಗಳೇ ಮೊದಲು ಬಂದವು. ಒಣಗಿ ನಯವಾಗಿ, ಗಾಜಿಗೆ ಕೊಕ್ಕು ಕುಟ್ಟುತ್ತಿದ್ದವು. ಕಂದು ಮೊಟ್ಟೆಗಳಲ್ಲಿ ಬರೀ ಬಿರುಕು.

“ಹಸ್ಕೊಂಡಿವೆ ಕಣೇ, ತೆಗ್ಯೇ,” ಎಂದು ಅಜ್ಜಿ ಗೋಗರೆದಳು.

ಅತ್ತೆ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತುಬಿಟ್ಟಳು. “ತೆಗೆದ್ರೆ ಒಳಗಿನ ಹಸಿ ಹೋಗಿ ಉಳಿದವು ಪೊರೆಗೆ ಅಂಟ್ಕೋತವೆ. ಬಂದಿರೋವು ತಡ್ಕೋತವೆ. ಬರದೇ ಇರೋವೂ ನನ್ನವೇ ಅವ್ವಾ.”

ಊಟಕ್ಕೂ ಏಳಲಿಲ್ಲ. ಅಂಗಳದ ಬಿಸಿಲು ಗೋಡೆ ಹತ್ತುವ ಹೊತ್ತಿಗೆ ಕೆಂಪು ಮರಿಗಳು ಒಂದೊಂದಾಗಿ ಹೊರಬಂದವು. ಪೆಟ್ಟಿಗೆ ತುಂಬಾ ಮರಿ ಎಂದು ನಾನು ಹೇಳುತ್ತೇನೆ. ಅಷ್ಟೇನಿರಲಿಲ್ಲ ಎನ್ನುತ್ತಾಳೆ ನನ್ನ ತಂಗಿ. ಅಪ್ಪ ಒಳಗೆ ಹೋಗಿ, ಒಂದು ಬೊಗಸೆ ನುಚ್ಚು ತಂದು ಅಕ್ಕನ ಮುಂದಿಟ್ಟದ್ದು ಮಾತ್ರ ಇಬ್ಬರಿಗೂ ನೆನಪಿದೆ. ಆ ಪೆಟ್ಟಿಗೆಗೆ ರಾಗಿ ಬೀಳಲೇ ಇಲ್ಲ.

ಅತ್ತೆ ಹತ್ತಿಯನ್ನೆಲ್ಲ ಕಿತ್ತೆಸೆದಳು ಎಂದೇ ಇಷ್ಟು ವರ್ಷ ಹೇಳುತ್ತ ಬಂದವನು ನಾನು. ಮೊನ್ನೆ ಪೆಟ್ಟಿಗೆ ಒರೆಸುವಾಗ ನೋಡುತ್ತೇನೆ, ಹಿಂಬದಿಯ ಮೂಲೆಯ ಒಂದೇ ಒಂದು ತೂತಿನಲ್ಲಿ ಮಸಿ ಹಿಡಿದ ಹತ್ತಿ. ಅಜ್ಜಿ ಕದ್ದು ಮತ್ತೆ ಇಟ್ಟಳೋ, ಅವಳ ಸಮಾಧಾನಕ್ಕೆಂದು ಅತ್ತೆಯೇ ಬಿಟ್ಟಿದ್ದಳೋ. ದಿನವೂ ಆ ಪೆಟ್ಟಿಗೆಯ ಮೈ ಸವರಿ ನೋಡುತ್ತಿದ್ದ ಅತ್ತೆಯ ಕಣ್ಣಿಗೆ ಅದು ಬೀಳದೇ ಇದ್ದಿರಲಾರದು. ಕೇಳೋಣವೆಂದರೆ ಇಬ್ಬರೂ ಇಲ್ಲ. ಆ ಮೂಲೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಒರೆಸಿದೆ.