ಇಥೆಲ್ ಪ್ಯೂ ಗೆದ್ದ ವಾದ

ದೇವರ ವಿಷಯದಲ್ಲಿ ಇಥೆಲ್ ಪ್ಯೂ ಜೊತೆ ವಾದಕ್ಕಿಳಿದು ಗೆದ್ದವರನ್ನು ನಮ್ಮ ವೇಲ್ಸಿನ ಈ ಗುಡ್ಡಸಾಲಿನಲ್ಲಿ ಯಾರೂ ಕಂಡಿರಲಿಲ್ಲ. ಬೆಳಕು ಹರಿಯುವ ಮುಂಚೆ ಸ್ಲೇಟುಕಲ್ಲಿನ ಗಣಿಗೆ ಹತ್ತುವುದು, ಶೆಡ್ಡಿನಲ್ಲಿ ಕೂತು ಉಳಿಯಿಟ್ಟು ಕಲ್ಲನ್ನು ತೆಳ್ಳಗೆ ಸೀಳುವುದು, ಸಂಜೆ ಇಳಿದು ಬಂದು ಪ್ರಾರ್ಥನಾ ಮಂದಿರಕ್ಕೆ ಹೋಗುವುದು, ಇಷ್ಟೇ ಅವನ ಬಾಳು. ಓದಲು ಕಲಿತದ್ದು ಭಾನುವಾರದ ಶಾಲೆಯಲ್ಲಿ. ಓದಿದ್ದು ಬೈಬಲ್ ಒಂದೇ, ಅದನ್ನಂತೂ ಅರೆದು ಕುಡಿದಿದ್ದ. ಹೆಂಡತಿ ತೀರಿಕೊಂಡ ಮೇಲೆ ಮಗಳು ಲೊವ್ರಿಯನ್ನು ಅದೇ ಒರಟು ಕೈಯಲ್ಲಿ ಜಡೆ ಹೆಣೆದು ಬೆಳೆಸಿದ. ಕ್ಯಾಲ್ವಿನ್ ಮತದ ನಮ್ಮ ಮಂದಿರದಲ್ಲಿ, ಬೋಧಕರ ಪೀಠದ ಕೆಳಗೆ ಹಿರಿಯರು ಕೂರುವ ದೊಡ್ಡ ಆಸನದಲ್ಲಿ, ಅವನಿಗೂ ಒಂದು ಜಾಗ ಸಿಕ್ಕಿತ್ತು.

ದೇವರು ಲೋಕ ಹುಟ್ಟುವ ಮೊದಲೇ ತನ್ನವರನ್ನು ಆರಿಸಿಕೊಂಡಿದ್ದಾನೆ, ಆರಿಸಿಕೊಂಡವರನ್ನು ಎಂದೂ ಕೈಬಿಡುವುದಿಲ್ಲ ಎನ್ನುವುದು ನಮ್ಮ ಪಕ್ಷ. ಬೀದಿಯಾಚೆಯ ವೆಸ್ಲಿ ಮಂದಿರದವರದು ಆರ್ಮಿನಿಯಸ್ಸನ ದಾರಿ. ಕೃಪೆ ಎಲ್ಲರಿಗೂ ಉಂಟು, ಬೇಕಾದವನು ಕೈಚಾಚಿ ತೆಗೆದುಕೊಳ್ಳಬೇಕು, ಉದಾಸೀನ ಮಾಡಿದರೆ ಕಳೆದುಕೊಳ್ಳಲೂಬಹುದು ಎನ್ನುತ್ತಾರೆ. ಹೆಣ್ಣು ಕೊಟ್ಟು ತರುತ್ತೇವೆ, ಹಸು ಮಾರಿಕೊಳ್ಳುತ್ತೇವೆ, ಈ ಒಂದು ಮಾತಿಗೆ ಮಾತ್ರ ಅಪ್ಪಂದಿರ ಕಾಲದಿಂದ ಕಿತ್ತಾಡುತ್ತಲೇ ಇದ್ದೇವೆ.

ಹೋದ ವರ್ಷ ಇಥೆಲ್‌ನ ಮನೆಗೆ ಬರಸಿಡಿಲು ಬಡಿಯಿತು. ಮದುವೆಯಾಗದ ಲೊವ್ರಿ ಬಸುರಾದಳು. ಹುಡುಗ ದಕ್ಷಿಣದ ಕಲ್ಲಿದ್ದಲ ಗಣಿಗೆ ಹೋದವನು ಪತ್ತೆಯಿಲ್ಲ. ಅಂಥವರನ್ನು ಸಭೆಯಿಂದ, ಅಂದರೆ ಮಂದಿರದ ಸದಸ್ಯರ ಕೂಟದಿಂದ, ಹೊರಗೆ ಹಾಕುವುದು ನಮ್ಮಲ್ಲಿ ಕಟ್ಟಳೆ. ಹಿರಿಯರು ಕೈಯೆತ್ತಿದಾಗ ಇಥೆಲ್ ಕೂಡ ಕೈಯೆತ್ತಿದ. ಅಯ್ಯೋ, ಎಂಥ ಕಲ್ಲೆದೆ! ಅಂದಿನಿಂದ ಅದೇ ಮನೆಯಲ್ಲಿ ಅವಳು ಬಡಿಸಿದ ಗಂಜಿ ಉಂಡ, ಅವಳೊಡನೆ ಒಂದು ಮಾತೂ ಆಡಲಿಲ್ಲ. ಮಗು ಹುಟ್ಟಿತು, ಆಗಲೂ ಇಲ್ಲ. ಭಾನುವಾರ ಅವಳು ಹಿಂದಿನ ಬೆಂಚಿನಲ್ಲಿ ಕೂತು ಬೋಧನೆ ಕೇಳುವಳು. ಆಮೇಲೆ ಸಭೆಯವರಷ್ಟೇ ಉಳಿಯುವ ಹೊತ್ತಿಗೆ ಮಗುವನ್ನೆತ್ತಿಕೊಂಡು ಹೊರಗಿನವರ ಜೊತೆ ಎದ್ದು ಹೋಗುವಳು.

ಹೀಗಿರುವಾಗ ಒಂದು ಶುಕ್ರವಾರ, ಗಣಿಯವರು ಬುತ್ತಿ ಬಿಚ್ಚುವ ಕಲ್ಲಿನ ಗುಡಿಸಲಿನಲ್ಲಿ, ಎಸ್ರಾ ಒಂದು ಪ್ರಶ್ನೆ ಎತ್ತಿದ. ಒಮ್ಮೆ ಸಿಕ್ಕಿದ ಕೃಪೆಯನ್ನು ಮನುಷ್ಯ ಕಳೆದುಕೊಳ್ಳಬಹುದೇ? ಎಸ್ರಾ ವೆಸ್ಲಿಯವನು. ಇಥೆಲ್‌ನ ಪಕ್ಕದಲ್ಲೇ ಕೂತು ಕಲ್ಲು ಸೀಳುವವನು, ಹುಡುಗತನದ ಗೆಳೆಯ.

"ನಿಮ್ಮೋರಿಗೆ ಭಾನುವಾರ ಸಿಕ್ಕಿದ ರಕ್ಷಣೆ ಶನಿವಾರದ ಸಂತೆವರೆಗೂ ಬಾಳಿಕೆ ಬರಲ್ಲ ಕಣೋ," ಎಂದ ಇಥೆಲ್.

"ಅದಕ್ಕೇ ಬಿದ್ದೋರನ್ನ ಎತ್ತೋ ಅಭ್ಯಾಸ ನಮಗಿದೆ. ನೀವು ಬೀಳೋದೇ ಇಲ್ವಲ್ಲಪ್ಪ, ಮೇಲಿಂದ ಇಳಿದು ಬಂದೋರು!"

ಗುಡಿಸಲಿಗೆ ಗುಡಿಸಲೇ ನಕ್ಕಿತು. ಇಥೆಲ್ ಚಹಾದ ತಂಬಿಗೆ ಕೆಳಗಿಟ್ಟು ಎದ್ದು ನಿಂತ.

"ಬೀಳ್ತೀವಿ ಮಾರಾಯ, ನಾವೂ ಬೀಳ್ತೀವಿ. ಆದ್ರೆ ದೇವರ ಕೈಯಿಂದಾಚೆ ಬೀಳಲ್ಲ. ಹಿಡ್ಕೊಂಡಿರೋದು ನಾವಲ್ಲ, ಅವನು. ತನ್ನೋರು ಅಂತ ಒಂದ್ಸಲ ಅಂದ್ಮೇಲೆ, ಅವರು ಕೆಸರಲ್ಲಿ ಹೊರಳಾಡಿದ್ರೂ ಬಿಡೋನಲ್ಲ ಅವನು. ಬಿಡೋ ಹಾಗಿದ್ರೆ ಅವನೆಂಥ ದೇವರೋ?"

ವೆಸ್ಲಿಯವರೂ ಭೇಷ್ ಎಂದರು. ಎಸ್ರಾ ಮಾತ್ರ ನಗಲಿಲ್ಲ.

"ಗೆದ್ದೆ ಬಿಡು. ಹಾಗಾದ್ರೆ ಲೊವ್ರಿ?"

ಇಥೆಲ್ ಬುತ್ತಿ ಕಟ್ಟತೊಡಗಿದ.

"ಅವಳಿಗೆ ಕೃಪೆ ಸಿಕ್ಕೇ ಇರ್ಲಿಲ್ಲ," ಎಂದ ಇಥೆಲ್.

"ಅವಳನ್ನ ಸಭೆಗೆ ಸೇರಿಸ್ಕೊಂಡ ದಿನ, ಇವಳಲ್ಲಿ ದೇವರ ಕೆಲಸ ಕಣ್ಣಾರೆ ಕಂಡಿದೀನಿ ಅಂತ ಸಾಕ್ಷಿ ಹೇಳಿ ಗಳಗಳ ಅತ್ತೋನು ಯಾರೋ? ನಾನಾ? ಆವತ್ತು ಸುಳ್ಳು ಹೇಳಿದ್ಯಾ?" ಎಸ್ರಾ ದನಿ ತಗ್ಗಿಸಿದ. "ಮುಂದಿನ ವಾರದಿಂದ ನಮ್ಮ ಮಂದಿರಕ್ಕೆ ಬರ್ತಾಳಂತೆ ಕಣೋ. ನಾವು ಕರ್ಕೋತೀವಿ. ಬೇರೆಯೋರ ಬಾಯಿಂದ ನಿಂಗೆ ಗೊತ್ತಾಗೋದು ಬೇಡ ಅಂತ ಹೇಳ್ದೆ."

ಆ ಮಧ್ಯಾಹ್ನ ಇಥೆಲ್‌ನ ಕೈಯಲ್ಲಿ ಒಂದು ಕಲ್ಲೂ ನೆಟ್ಟಗೆ ಸೀಳಲಿಲ್ಲ. ಹಿರಿಯನ ಮಗಳು ವೆಸ್ಲಿಯವರ ಪಾಲಾದಳು ಎಂದು ಊರು ಆಡಿಕೊಳ್ಳುತ್ತದಲ್ಲ ಎಂಬ ಉರಿ ಮೊದಲು ಹತ್ತಿತು, ಸುಳ್ಳೇಕೆ ಹೇಳಲಿ. ಆದರೆ ಗುಡ್ಡ ಇಳಿಯುವಾಗ ಬೇರೊಂದು ಯೋಚನೆ ಬಂತು. ಆವತ್ತಿನ ಸಾಕ್ಷಿ ನಿಜ. ನಿಜವಾದರೆ ದೇವರು ಅವಳನ್ನು ಬಿಟ್ಟಿಲ್ಲ. ಮತ್ತೆ ಬಿಟ್ಟವರು ಯಾರು? ಉತ್ತರ ಗೊತ್ತಿತ್ತು, ಆದರೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಶನಿವಾರ ಸಂಜೆ ಲೊವ್ರಿ ಓಟ್ಸಿನ ರೊಟ್ಟಿ, ಮಜ್ಜಿಗೆ ತಂದಿಟ್ಟಳು.

"ವೆಸ್ಲಿಯೋರ ಹತ್ರ ಹೋಗ್ತೀಯಂತೆ."

ವರ್ಷದ ಮೇಲೆ ಕೇಳಿದ ಅಪ್ಪನ ದನಿಗೆ ಲೊವ್ರಿ ಬೆಚ್ಚಿದಳು.

"ಹೂಂ. ನಾಳೆ ಸಂಜೆ ಕಡೇ ಸಲ ನಮ್ಮಲ್ಲಿಗೆ ಬರ್ತೀನಿ. ಆಮೇಲೆ ಆ ಕಡೆ."

"ಕೃಪೆ ಕಳ್ಕೋಬಹುದು ಅನ್ನೋರ ಸಹವಾಸ ನಿಂಗ್ಯಾಕೆ?"

"ಕೃಪೆ ಕಳ್ಕೊಂಡ್ನೋ ಇಲ್ವೋ ನಂಗೊತ್ತಿಲ್ಲ ಅಪ್ಪಾ. ನಿನ್ನಂತೂ ಕಳ್ಕೊಂಡೆ. ಅವರು ಮಗೂನ ಎತ್ಕೊಂಡು ಮುದ್ದು ಮಾಡ್ತಾರೆ. ನೀನು ಒಂದಿನ ಆದ್ರೂ ಇದರ ಮುಖ ನೋಡಿದ್ಯಾ?"

ಗುಡ್ಡಸಾಲಿನ ಬಾಯನ್ನೇ ಮುಚ್ಚಿಸಿದ್ದವನು ರೊಟ್ಟಿ ಮುರಿಯದೆ ತಟ್ಟೆ ಸರಿಸಿ ಎದ್ದ.

ಭಾನುವಾರ ಬೋಧನೆ ಮುಗಿಯಿತು. ಸಭೆಯವರಲ್ಲದವರು ಹೊರಡಬಹುದು ಎಂದರು ಬೋಧಕರು. ಲೊವ್ರಿ ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡು ಎದ್ದಳು. ದೊಡ್ಡ ಆಸನದಲ್ಲಿ ಇಥೆಲ್ ಕೂಡ ಎದ್ದ.

"ಲೊವ್ರಿ, ನಿಲ್ಲು." ಅವನು ಬೋಧಕರ ಕಡೆ ತಿರುಗಿದ. "ಅಯ್ನೋರೇ, ಇವಳ ಪರವಾಗಿ ಸಾಕ್ಷಿ ಹೇಳ್ದೋನು ನಾನು. ಹೇಳಿದ್ದು ಸತ್ಯ. ದೇವರು ಇವಳ ಕೈ ಬಿಟ್ಟಿಲ್ಲ, ಬಿಟ್ಟೋನು ನಾನು. ಇವಳನ್ನ ವಾಪಸ್ ಕರ್ಕೊಳ್ಳಿ. ಆಗಲ್ಲ ಅಂದ್ರೆ ನಾನೂ ಇವಳ ಜೊತೆ ಹೊರಗೇ ಹೋಗ್ತೀನಿ."

ಹೀಗೆಂದವನೇ ಆಸನದಿಂದ ಇಳಿದು ನಡುದಾರಿಯಲ್ಲಿ ನಡೆದು ಬಂದ. ಕೆಲವರ ಹುಬ್ಬು ಗಂಟಿಕ್ಕಿತು. ಆಕ್ಷೇಪಣೆ ಯಾರಿಗಾದರೂ ಇದೆಯೇ ಎಂದು ಬೋಧಕರು ಕೇಳಿದರು.

"ಇರೋರು ಮೊದ್ಲು ತಂತಮ್ಮ ಮನೆ ಒಳಗೆ ನೋಡ್ಕೊಂಡು ಬರ್ಲಿ!" ಎಂದಳು ಮೂಲೆಯಿಂದ ಮುದುಕಿ ಮರಿಯಾಡ್. ಅವಳ ಬಾಯಿಗೆ ಹೆದರದವರಿಲ್ಲ. ಆಕ್ಷೇಪಿಸಲು ಒಂದು ಕೈಯೂ ಮೇಲೇಳಲಿಲ್ಲ, ಬೋಧಕರು ಒಪ್ಪಿ ತಲೆಯಾಡಿಸಿದರು.

"ಕೂತ್ಕೋ ಮಗಳೇ," ಎಂದ ಇಥೆಲ್.

ಲೊವ್ರಿ ಕೂರಲಿಲ್ಲ. ಕಣ್ಣು ತುಂಬಿತ್ತು, ಗದ್ದ ಮಾತ್ರ ಅಪ್ಪನದೇ, ಹಟದ ಗದ್ದ.

"ನೀನು ಹೋಗು ಅಂದಾಗ ಹೋದೆ. ಈಗ ಕೂತ್ಕೋ ಅಂತೀಯ. ಕೂರ್ಬೇಕೋ ಬೇಡ್ವೋ ಅಂತ ನನ್ನನ್ನೂ ಒಂದ್ಮಾತು ಕೇಳ್ಬೇಕಲ್ವಾ ಅಪ್ಪಾ?"

ಆರ್ಮಿನಿಯಸ್ಸನಿಗೆ ಜನ್ಮದಲ್ಲಿ ಒಂದು ಇಂಚು ಬಿಟ್ಟುಕೊಡದ ಇಥೆಲ್ ಪ್ಯೂ ಇಡೀ ಸಭೆಯೆದುರು ತಲೆ ತಗ್ಗಿಸಿದ.

"ಕೇಳ್ಬೇಕು. ಕೇಳ್ತಾ ಇದೀನಿ. ಕೂರ್ತೀಯಾ?"

ಅವಳು ಬಾಗಿಲ ಕಡೆ ನೋಡಿದಳು. ಬಾಗಿಲು ತೆರೆದೇ ಇತ್ತು. ಆಮೇಲೆ ಮಗುವನ್ನು ಅಪ್ಪನ ತೋಳಿಗೆ ಕೊಟ್ಟು, "ಮೆತ್ತಗೆ ಹಿಡಿ, ಈಗ ತಾನೇ ಮಲಗಿದೆ," ಎಂದಳು. ಬೆಂಚಿನಲ್ಲಿ ಕೂತು, ಒಂದಿಷ್ಟು ಒಳಕ್ಕೆ ಸರಿದು ಅವನಿಗೂ ಜಾಗ ಬಿಟ್ಟಳು.