ದುಂಡು ತುದಿಯ ಸೂಜಿಗಳು

ಮಳವಳ್ಳಿಯ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ನನಗೆ ಮೇಷ್ಟ್ರ ಕೆಲಸ ಸಿಕ್ಕಿದಾಗ ಮದ್ದೂರಿನ ನಮ್ಮ ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ತಾತ ಮಾತ್ರ ಒಂದು ಷರತ್ತು ಹಾಕಿದರು.

"ನಮ್ ಬಸ್ಸಲ್ಲೇ ಓಗು, ನಮ್ ಬಸ್ಸಲ್ಲೇ ಬಾ. ಬಸ್ಸು ಓಡೋಗಂಟ ನಿನ್ ಕೆಲಸ. ಬಸ್ಸು ನಿಂತ್ರೆ ನೀನೂ ಮನೇಲಿ ನಿಂತ್ಕೊ."

ಮೈಸೂರಿನ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಮುಗಿಸಿ ಬಂದವಳಿಗೆ ಹಾಕುವ ಷರತ್ತಲ್ಲ ಇದು ಅನ್ನಿಸಿತು. ಆದರೆ ವಾದ ಮಾಡುವುದು ನನಗೆ ಬರುವುದಿಲ್ಲ. ಸರಿ ಎಂದೆ. ಸೋಮವಾರ ಬೆಳಿಗ್ಗೆ ಹಾಜರಾಗಬೇಕಿತ್ತು. ಆ ದಿನ ಬಾರದಿದ್ದರೆ ಪಟ್ಟಿಯಲ್ಲಿದ್ದ ಮುಂದಿನವರನ್ನು ಕರೆಯುತ್ತೇವೆಂದು ಸ್ಕೂಲಿನವರು ಮೊದಲೇ ತಿಳಿಸಿದ್ದರು.

ಬಸ್ಸು ನನ್ನ ಚಿಕ್ಕಪ್ಪನದು. ಮಂಡ್ಯದಿಂದ ಹೊರಟು ಮದ್ದೂರಿನ ಮೇಲೆ ಮಳವಳ್ಳಿಗೆ ಹೋಗಿಬರುತ್ತಿತ್ತು. ಯುದ್ಧದ ಕಾಲ, ಪೆಟ್ರೋಲಿಗೆ ರೇಷನ್ನು. ಬಸ್ಸಿನ ಹಿಂಭಾಗಕ್ಕೆ ಇದ್ದಿಲಿನ ಒಲೆಯಂಥ ದೊಡ್ಡ ಡ್ರಮ್ಮು ಕಟ್ಟಿಸಿ ಅದರ ಹೊಗೆಯಲ್ಲಿ ಓಡಿಸುತ್ತಿದ್ದರು. ಏರು ಬಂದರೆ ಗಂಡಸರೆಲ್ಲ ಇಳಿದು ನಡೆಯುತ್ತಿದ್ದರು. ಅದರಲ್ಲಿ ಯಾರಿಗೂ ಬೇಸರವಿರಲಿಲ್ಲ.

ನಾನು ಹಾಜರಾಗಬೇಕಿದ್ದ ಸೋಮವಾರಕ್ಕೆ ಮುಂಚಿನ ಗುರುವಾರ ಹನಕೆರೆಯ ಹತ್ತಿರ ಬಸ್ಸಿನ ಅಡಿಯಿಂದ ಕಟಕಟ ಸದ್ದು ಬಂತು. ಚಿಕ್ಕಪ್ಪ ಹೇಗೋ ಮದ್ದೂರು ತಲುಪಿಸಿ, ನಮ್ಮ ಮನೆಯ ಎದುರು ಸಾಲಿನಲ್ಲೇ ಷೆಡ್ಡು ಇಟ್ಟಿದ್ದ ಮೆಕ್ಯಾನಿಕ್ ಸಾಹೇಬರಿಗೆ ತೋರಿಸಿದರು. ಇಂಜಿನ್ನಿನ ತಿರುವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಉದ್ದನೆಯ ಶಾಫ್ಟಿನ ಕೀಲು ಸವೆದಿತ್ತು. ಕೂಡುಗುರುತಿನಂಥ ಆ ಕೀಲಿನ ನಾಲ್ಕು ತುದಿಗೂ ಒಂದೊಂದು ಪುಟ್ಟ ಉಕ್ಕಿನ ಬಟ್ಟಲು. ಬಟ್ಟಲಿನ ಒಳಗೋಡೆಗೆ ಸುತ್ತಲೂ ಒತ್ತೊತ್ತಾಗಿ ನಿಂತ ಉಕ್ಕಿನ ಕಡ್ಡಿಗಳು. ಬೆಂಕಿಕಡ್ಡಿಯ ಅರ್ಧ ಉದ್ದ, ಅದಕ್ಕಿಂತ ತುಸು ದಪ್ಪ. ಸಾಹೇಬರು ಅವನ್ನು ಸೂಜಿ ಎನ್ನುತ್ತಿದ್ದರು. ಒಂದು ಬಟ್ಟಲಿನ ಸೂಜಿಗಳು ಪುಡಿಯಾಗಿದ್ದವು.

ಹೊಸದು ಸಿಗುವ ಮಾತೇ ಇರಲಿಲ್ಲ. ಅಂಥ ಸಾಮಾನು ತರುವ ಹಡಗೇ ಬರುತ್ತಿರಲಿಲ್ಲ. ಚಿಕ್ಕಪ್ಪ ಮಂಡ್ಯಕ್ಕೆ ಹೋಗಿ, ಮೂಲೆ ಸೇರಿದ್ದ ಯಾವುದೋ ಲಾರಿಯ ಕೀಲಿನಿಂದ ಸರಿಹೊಂದುವ ಸೂಜಿಗಳನ್ನು ಬಿಚ್ಚಿಸಿ ತಂದರು. ಅಂದು ಶುಕ್ರವಾರ, ಸಾಹೇಬರು ಮಸೀದಿಗೆ ಹೋಗಿದ್ದರಿಂದ ಷೆಡ್ಡು ಮುಚ್ಚಿತ್ತು. ಚಿಕ್ಕಪ್ಪ ಸೂಜಿಗಳನ್ನು ಒಂದು ತಟ್ಟೆಯಲ್ಲಿ ಹಾಕಿ ಬಚ್ಚಲ ಕಟ್ಟೆಯ ಮೇಲಿಟ್ಟು, "ಇದ್ನ ತೊಳ್ದು ಮಡಗಬೇಕು" ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ಊಟಕ್ಕೆ ಕೂತರು. ಊಟವಾದ ಮೇಲೆ ಮರೆತರು.

ಚಿಕ್ಕಮ್ಮ ಮರೆಯಲಿಲ್ಲ. ಶುಕ್ರವಾರವಾದ್ದರಿಂದ ದೀಪದ ಕಂಬಗಳನ್ನು ಹೇಗೂ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕುತ್ತಿದ್ದರು. ಜೊತೆಗೆ ಸೂಜಿಗಳನ್ನೂ ತಿಕ್ಕಿದರು. ಜಿಡ್ಡು ಪೂರ್ತಿ ಬಿಡಲಿಲ್ಲವೆಂದು ಹುಳಿನೀರಿನಲ್ಲೇ ನೆನೆಹಾಕಿ ಮಲಗಿದರು. ಬೆಳಿಗ್ಗೆ ನೋಡಿದರೆ ನೀರು ಕಪ್ಪಾಗಿತ್ತು, ಸೂಜಿಗಳ ಮೈಯೆಲ್ಲ ಸಿಡುಬಿನ ಕಲೆ.

"ಏನೇ ಮಾಡ್ದೆ ಇದ್ನ?" ಎಂದರು ಚಿಕ್ಕಪ್ಪ.

"ನೀವೇ ತೊಳೀಬೇಕು ಅಂದ್ರಿ. ತೊಳ್ದೆ."

"ಸೀಮೆಎಣ್ಣೇಲಿ ಕಣೇ ತೊಳೆಯಾದು."

"ಅಂಗಂತ ಏಳಿದ್ರಾ? ಮನೆ ಸಾಮಾನೆಲ್ಲ ನಾನು ಉಣಸೇಲೇ ತೊಳೆಯಾದು. ನಿಮ್ ಬಸ್ಸಿಗೆ ಬ್ಯಾರೆ ಮಡಿಯಾ?"

ಸಾಹೇಬರು ಬಂದು ತಟ್ಟೆಯೊಳಗೆ ಬೆರಳಾಡಿಸಿ, ನಗು ತಡೆದುಕೊಂಡು, "ಬೇಳೆ ಒಂದು ಬಾಕಿ ಐತೆ, ಹಾಕಿದ್ರೆ ಸಾರಾಯ್ತದೆ" ಎಂದರು. ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಜಗಲಿಯ ಮೇಲಿದ್ದ ತಾತ ನನ್ನ ಕಡೆ ನೋಡಿದರು. ಅಂದು ಶನಿವಾರ, ಸೋಮವಾರಕ್ಕೆ ನಡುವೆ ಒಂದೇ ದಿನ.

ಸಾಹೇಬರ ಹತ್ತಿರ ಒಂದು ತಗಡಿನ ಡಬ್ಬಿ ಇತ್ತು. ಇಷ್ಟು ವರ್ಷ ಬಿಚ್ಚಿದ ಗಾಡಿಗಳ ಉಳಿಕೆ ಸೂಜಿಗಳೆಲ್ಲ ಅದರಲ್ಲಿ ಬೆರೆತು ಬಿದ್ದಿದ್ದವು. ಅದನ್ನು ತರಿಸಿ, ಹಳೆ ಪತ್ರಿಕೆ ಹಾಸಿದ ಮೊರದಲ್ಲಿ ಸುರಿದುಕೊಂಡು ನಡುಮನೆಯಲ್ಲಿ ಕೂತೆವು. ಯುದ್ಧಭೂಮಿಯ ಸುದ್ದಿಯ ಮೇಲೆಲ್ಲ ಎಣ್ಣೆಯ ಕಲೆ.

ಮೊದಮೊದಲು ಎಲ್ಲ ಒಂದೇ ಥರ ಕಂಡವು. ಆಮೇಲೆ ಮೂರು ಜಾತಿ ಕಣ್ಣಿಗೆ ಬಿತ್ತು. ಕೆಲವಕ್ಕೆ ಕತ್ತರಿಸಿದ ಹಾಗೆ ಚಪ್ಪಟೆ ತುದಿ. ಕೆಲವಕ್ಕೆ ಅಕ್ಕಿಕಾಳಿನಂತೆ ದುಂಡು ತುದಿ. ಇನ್ನು ಕೆಲವಕ್ಕೆ ತುದಿಯಲ್ಲಿ ಇನ್ನೂ ಸಣ್ಣದೊಂದು ಮೂತಿ. ಮೂತಿಯವು ಬೇರೆ ಬಗೆಯ ಬಟ್ಟಲಿನವು, ಅಂಚು ಒಳಕ್ಕೆ ಮಡಿಸಿ ಆ ಮೂತಿಯನ್ನೇ ಹಿಡಿದುಕೊಳ್ಳುವಂಥವು ಎಂದು ಸಾಹೇಬರು ಪಕ್ಕಕ್ಕೆ ತೆಗೆದಿಟ್ಟರು. ಚಪ್ಪಟೆಯವು ಆಗುತ್ತವೆಯೇ ಎಂದು ಕೇಳಿದೆ.

"ಬಟ್ಟಲೊಳಗೆ ಬೆರಳಾಕಿ ನೋಡವ್ವ" ಎಂದರು.

ಹಾಕಿ ನೋಡಿದೆ. ಗೋಡೆಯೂ ತಳವೂ ಸೇರುವ ಕಡೆ ಮೂಲೆ ಇರಲಿಲ್ಲ, ಕೊಳದಪ್ಪಲೆಯ ತಳದಂತೆ ದುಂಡಗೆ ತಿರುಗಿತ್ತು. ಚಪ್ಪಟೆ ತುದಿಯ ಸೂಜಿ ಅಲ್ಲಿಳಿದರೆ ಅದರ ಚೂಪಾದ ಅಂಚು ಆ ತಿರುವಿನ ಮೇಲೆ ಹತ್ತಿ ನಿಲ್ಲುತ್ತದೆ, ಸೂಜಿ ಓರೆಯಾಗುತ್ತದೆ. ದುಂಡು ತುದಿಯದಾದರೆ ಹಾಯಾಗಿ ಕೂರುತ್ತದೆ. ಹಾಗೆಂದು ಹೇಳಿದೆ. ಸಾಹೇಬರು ಹೌದೆಂದು ತಲೆಯಾಡಿಸಿದರು.

ಆದರೆ ಸವೆದ ಚಪ್ಪಟೆಯವೂ ಕಣ್ಣಿಗೆ ದುಂಡಗೇ ಕಾಣುತ್ತಿದ್ದವು. ಅಷ್ಟರಲ್ಲಿ ಒಳಗಿಂದ ಬಂದ ಚಿಕ್ಕಮ್ಮ ಗೋಡೆಯ ಕನ್ನಡಿ ಇಳಿಸಿ ನೆಲದ ಮೇಲೆ ಮಲಗಿಸಿ, ಅದರ ಮೇಲೆ ಒಂದು ಸೂಜಿಯನ್ನು ನೆಟ್ಟಗೆ ನಿಲ್ಲಿಸಿದರು. ನಿಂತಿತು. ಇನ್ನೊಂದನ್ನು ನಿಲ್ಲಿಸಲು ಹೋದರು. ಬಿತ್ತು.

"ನಿಂತ್ಕಳೋವು ಆ ಕಡೆ, ಬೀಳೋವು ಈ ಕಡೆ" ಎಂದರು. "ಅಕ್ಕೀಲಿ ಕಲ್ಲಾರ್ಸೋದಕ್ಕಿಂತ ಸಲೀಸು. ನಿಮ್ಗೆ ಬೀಳೋವು ತಾನೆ ಬೇಕು?"

"ಹೂಂ ಕಣಮ್ಮ, ನಮ್ ಬಸ್ಸಿಗೆ ತಕ್ಕಂತವು" ಎಂದರು ಸಾಹೇಬರು.

ಬಿದ್ದವುಗಳಲ್ಲಿ ದಪ್ಪ ಒಂದೇ ಇರಬೇಕಿತ್ತು. ಒಂದು ದಪ್ಪಗಿದ್ದರೆ ಭಾರವೆಲ್ಲ ಅದರ ಮೇಲೇ ಬೀಳುತ್ತದೆ. ಕಾಲೇಜಿನಲ್ಲಿ ಇದನ್ನು ಅಳೆಯುವ ಸಲಕರಣೆ ಕೈಗೆ ಸಿಗುವಂತಿತ್ತು; ಇಲ್ಲಿ ಇದ್ದದ್ದು ಇನ್ನೊಂದು ಕನ್ನಡಿಯ ಚೂರು. ಮೂರು ಸೂಜಿಗಳನ್ನು ಪಕ್ಕಪಕ್ಕ ಮಲಗಿಸಿ ಮೇಲೆ ಆ ಚೂರನ್ನಿಟ್ಟೆ. ನಡುವಿನದು ದಪ್ಪಗಿದ್ದರೆ ಚೂರು ತೊಟ್ಟಿಲಂತೆ ತೂಗುತ್ತಿತ್ತು. ತೆಳ್ಳಗಿದ್ದರೆ ಕಡ್ಡಿಯಲ್ಲಿ ತಳ್ಳಿದೊಡನೆ ನಡುವಿನದು ಸುಮ್ಮನೆ ಜಾರಿ ಬರುತ್ತಿತ್ತು. ನಾನು ಆರಿಸಿದ್ದನ್ನು ಸಾಹೇಬರು ಎರಡು ಬೆರಳ ನಡುವೆ ಉರುಳಿಸಿ ನೋಡಿ ಒಪ್ಪುತ್ತಿದ್ದರು. ಎರಡು ಸೂಜಿಗಳ ಬಗ್ಗೆ ಮಾತ್ರ ನಮ್ಮಿಬ್ಬರ ತೀರ್ಮಾನ ಹೊಂದಲಿಲ್ಲ. ಆ ಎರಡನ್ನೂ ಬಿಟ್ಟೆವು.

ಭಾನುವಾರ ಬೆಳಿಗ್ಗೆ ಸಾಹೇಬರು ಬಟ್ಟಲಿನ ಒಳಗೆ ಗ್ರೀಸು ಬಳಿದು, ಅದಕ್ಕೆ ಅಂಟಿಸುತ್ತ ಸೂಜಿಗಳನ್ನು ಸುತ್ತಲೂ ನಿಲ್ಲಿಸಿದರು. ಕೊನೆಗೆ ಒಂದರ ಜಾಗ ಖಾಲಿ ಉಳಿಯಿತು. ಡಬ್ಬಿಯಲ್ಲಿ ಅದೇ ದಪ್ಪದ ದುಂಡು ತುದಿಯದು ಇನ್ನೊಂದಿರಲಿಲ್ಲ.

"ಒಂದು ಚಪ್ಪಟೇದು ಆಕ್ಬುಡಿ ಸಾಬ್ರೆ" ಎಂದರು ಚಿಕ್ಕಪ್ಪ. "ದಿಬ್ಬಣದಲ್ಲಿ ಒಬ್ಬ ಪರಊರೋನು ಸೇರ್ಕಂಡ್ರೆ ಮದ್ವೆ ನಿಂತೋಯ್ತದಾ?"

"ಮದ್ವೆ ನಿಲ್ಲಾಕಿಲ್ಲ. ಗಂಡು ಕುಂಟ್ತಾನೆ."

"ಮಳವಳ್ಳಿಗಂಟ ಕುಂಟ್ಲಿ. ಆಮ್ಯಾಕೆ ನೋಡುಮ."

ಇಬ್ಬರೂ ನನ್ನ ಕಡೆ ತಿರುಗಿದರು. ಸೋಮವಾರ ಒಂದು ದಿನ ಬಸ್ಸು ಓಡಿದರೆ ನನಗೆ ಕೆಲಸ ಸಿಕ್ಕಿಬಿಡುತ್ತಿತ್ತು. ಆದರೆ ಮಂಗಳವಾರ ನಿಂತರೆ ತಾತನ ಮಾತಿನಂತೆ ನಾನೂ ನಿಲ್ಲಬೇಕು. ಬೇಡ ಎಂದೆ. ಆಮೇಲೆ, "ಚಪ್ಪಟೆಯದರ ದಪ್ಪ ಸರಿಯಾಗಿದೆ, ತುದಿ ಮಾತ್ರ ಬೇರೆ. ಅದನ್ನೇ ದುಂಡಗೆ ಉಜ್ಜಿದರೆ ಆಗದೆ?" ಎಂದು ಕೇಳಿದೆ.

ಸಾಹೇಬರು ಯೋಚಿಸಿದರು. ಮಿಷನ್ನಿನ ಸಾಣೆಗೆ ಹಿಡಿದರೆ ಕಾವಿಗೆ ಉಕ್ಕಿನ ಗಟ್ಟಿತನ ಹೋಗುತ್ತದೆ. ಕಲ್ಲಿನ ಮೇಲೆ ನೀರು ಬಿಟ್ಟುಕೊಂಡು ಕೈಯಲ್ಲೇ ಉಜ್ಜಬೇಕು ಎಂದರು. ಸೀಳಿದ ಬಿದಿರುಕಡ್ಡಿಗೆ ಸೂಜಿಯನ್ನು ಸಿಕ್ಕಿಸಿ, ಹಿತ್ತಲಲ್ಲಿ ಕುಡುಗೋಲು ಮಸೆಯುವ ಕಲ್ಲಿನ ಮುಂದೆ ಕೂತೆ. ನಡುವೆ ಚಿಕ್ಕಪ್ಪ ಸ್ವಲ್ಪ ಹೊತ್ತು ಉಜ್ಜಿ ಬೆರಳು ತರಚಿಕೊಂಡು ಎದ್ದರು. ಮತ್ತೆ ನಾನೇ ಉಜ್ಜತೊಡಗಿದೆ. ತುದಿ ದುಂಡಗಾಗುವ ಬದಲು ಒಂದೇ ಕಡೆ ಇಳಿಜಾರಾಗುತ್ತಿತ್ತು.

ಹಿಂದೆ ತಾತ ಬಂದು ನಿಂತಿದ್ದು ನನಗೆ ಗೊತ್ತಾಗಲಿಲ್ಲ.

"ಅಂಗಲ್ಲ ಕಣವ್ವ. ನೀನು ಉಜ್ಜಿ ಆಮ್ಯಾಕೆ ತಿರುಗಿಸ್ತಿದ್ದೀಯೆ. ತಿರುಗಿಸ್ತಾ ತಿರುಗಿಸ್ತಾ ಉಜ್ಜಬೇಕು. ಕೊಡಿಲ್ಲಿ."

ಪಂಚೆ ಮೇಲೆತ್ತಿ ಕಟ್ಟಿಕೊಂಡು ಕುಕ್ಕರಗಾಲಲ್ಲಿ ಕೂತರು. ನಾನು ಚೊಂಬಿನಿಂದ ನೀರು ಬಿಡುತ್ತಿದ್ದೆ. ಒಂದು ತುದಿ ಮುಗಿಸಿ, ಇನ್ನೊಂದನ್ನೂ ಮುಗಿಸಿ, ಕನ್ನಡಿ ತರಿಸಿ ಅದರ ಮೇಲೆ ತಾವೇ ನಿಲ್ಲಿಸಿ ನೋಡಿದರು. ಬಿತ್ತು. ಮತ್ತೊಮ್ಮೆ ನಿಲ್ಲಿಸಿದರು. ಮತ್ತೆ ಬಿತ್ತು.

"ಬಿತ್ತಾ?" ಎಂದು ಚಿಕ್ಕಮ್ಮ ಅಡುಗೆಮನೆಯಿಂದಲೇ ಕೇಳಿದರು.

"ಬೀಳಂಗೇ ಮಾಡಿರಾದು, ಸುಮ್ಕಿರವ್ವ" ಎಂದರು ತಾತ.

ಸಾಹೇಬರು ಆ ಸೂಜಿಯನ್ನು ಖಾಲಿ ಜಾಗಕ್ಕೆ ಇಳಿಸಿದರು. ಬಿಗಿಯಾಗಲಿಲ್ಲ, ಸಡಿಲವೂ ಇರಲಿಲ್ಲ. ಸಂಜೆಯ ಹೊತ್ತಿಗೆ ಕೀಲು ಕೂಡಿಸಿದರು.

ಸೋಮವಾರ ಬೆಳಿಗ್ಗೆ ನಾನು ಬಸ್ಸು ಹತ್ತುವಾಗ ಮುಂದಿನ ಸೀಟಿನಲ್ಲಿ ತಾತ ಆಗಲೇ ಕೂತಿದ್ದರು. ಹೊಸ ರುಮಾಲು ಸುತ್ತಿದ್ದರು. ನಾನು ಹಿಂದಿನ ಸೀಟಿನಲ್ಲಿ ಕೂತೆ. ಊರು ದಾಟುವವರೆಗೆ ಕೈಯನ್ನು ಕಿವಿಯ ಹಿಂದೆ ಹಿಡಿದು ಕೆಳಗಿನ ಸದ್ದಿಗೆ ಕಾದರು. ಕಟಕಟ ಕೇಳಿಸಲಿಲ್ಲ. ಮೊದಲನೆಯ ಏರಿನಲ್ಲಿ ಗಂಡಸರೆಲ್ಲ ಇಳಿದರೂ ತಾವು ಇಳಿಯಲಿಲ್ಲ. ಆಮೇಲೆ ನಿದ್ದೆ ಮಾಡಿದರು.

ಮಳವಳ್ಳಿಯಲ್ಲಿ ಇಳಿದು ಸ್ಕೂಲಿನ ಗೇಟಿನ ಕಡೆ ನಡೆಯುತ್ತಿದ್ದೆ. ಕಿಟಕಿಯಿಂದ ತಾತ ಕೂಗಿದರು. ಬಸ್ಸಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದುದರಿಂದ ಮುಜುಗರವಾಯಿತು. ಆದರೂ ತಿರುಗಿ ಹತ್ತಿರ ಹೋದೆ.

"ಸಂಜೆ ನಮ್ ಬಸ್ಸು ಬರೋದು ತಡವಾದ್ರೆ ಕಾಯ್ಕಂಡು ಕೂತ್ಕಬ್ಯಾಡ" ಎಂದರು. "ಯಾವ ಬಸ್ಸು ಬತ್ತದೋ ಅದ್ರಲ್ಲಿ ಬಾ."

ಸರಿ ಎಂದೆ. ಗಂಟೆ ಹೊಡೆಯಿತು, ಒಳಗೆ ಹೋದೆ.